ಒಂದು ಬಿಟ್ಟು ಒಂದು

ಟೊಮ್ಯಾಟೊ ಹಣ್ಣಿನ ತೊಟ್ಟಿನ ಬುಡದಲ್ಲಿ ಐದು ಹಸಿರು ಎಸಳುಗಳಿರುತ್ತವೆ. ಸಂತೆಯಿಂದ ತಂದ ಹಣ್ಣಿನ ತಲೆಯನ್ನು ಯಾರೂ ಅಷ್ಟಾಗಿ ನೋಡುವುದಿಲ್ಲ. ತೊಟ್ಟು ಕಿತ್ತು ಒಗೆದು, ಹೆಚ್ಚಿ ಸಾರಿಗೆ ಹಾಕುತ್ತಾರೆ. ನಮ್ಮ ಹೊಲದ ಹಣ್ಣಿಗೆ ಆ ಎಸಳು ಮೂರೇ. ಉಳಿದೆರಡನ್ನು ಅದು ಮೊಗ್ಗಾಗಿದ್ದಾಗಲೇ ನಾವು ಕತ್ತರಿಸಿರುತ್ತೇವೆ. ಒಂದೂವರೆ ತಿಂಗಳು ಬಿಟ್ಟು ಹಣ್ಣು ಕೆಂಪಾಗಿ ಕೈಗೆ ಬಂದಾಗಲೂ ಆ ಗುರುತು ಹಾಗೇ ಇರುತ್ತದೆ. ಮೊಗ್ಗಾಗಿದ್ದಾಗ ತನ್ನನ್ನು ಯಾರ ಕೈ ಮುಟ್ಟಿತ್ತು ಎಂಬುದನ್ನು ಹಣ್ಣು ಮರೆಯುವುದಿಲ್ಲ. ಇದು ನನಗೆ ಮೊದಲಿನಿಂದ ಗೊತ್ತಿತ್ತು ಅಂದುಕೊಂಡಿದ್ದೆ. ಖರೇ ಗೊತ್ತಾದದ್ದು ಹೋದ ವರ್ಷದ ಕೊಯ್ಲಿನಲ್ಲಿ.

ನಮ್ಮದು ರಾಣೆಬೆನ್ನೂರು ತಾಲೂಕು, ಕುಪ್ಪೇಲೂರಿನ ಬಸ್ಸು ಹಾಯುವ ದಾರಿಯ ಮೇಲಿನ ಊರು. ಹೊಲದಲ್ಲಿ ಗೋವಿನಜೋಳ, ಹತ್ತಿ. ಒಂದು ಮಗ್ಗುಲಿಗೆ ಹತ್ತು ಗುಂಟೆಯಷ್ಟು ಜಾಗಕ್ಕೆ ಸುತ್ತಲೂ ಮೇಲೂ ಬಿಳಿ ಬಲೆ ಕಟ್ಟಿದ್ದೇವೆ. ಅದಕ್ಕೆ ಎಲ್ಲರೂ ನೆಟ್ ಎನ್ನುತ್ತಾರೆ. ಅದರೊಳಗೆ ಬೀಜದ ಕಂಪನಿಯೊಂದಕ್ಕೆ ಟೊಮ್ಯಾಟೊ ಬೀಜ ಮಾಡಿಕೊಡುತ್ತೇವೆ. ಎರಡು ಜಾತಿಯ ಗಿಡ: ಒಂದು ಹೆಣ್ಣಿನ ಸಾಲು, ಒಂದು ಗಂಡಿನ ಸಾಲು. ಹೆಣ್ಣಿನ ಸಾಲಿನ ಮೊಗ್ಗು ನಾಳೆ ಅರಳುತ್ತದೆ ಎನ್ನುವ ಸಂಜೆ ಅದನ್ನು ಚಿಮಟದಿಂದ ಬಿಡಿಸಿ, ಒಳಗಿನ ಹಳದಿ ಗಂಡು ಭಾಗವನ್ನು ಕಿತ್ತು ತೆಗೆಯಬೇಕು. ನಡುವಿನ ಎಳೆ ಮುರಿಯಬಾರದು. ಅದು ಕೂದಲಿಗಿಂತ ತುಸು ದಪ್ಪ, ಅಷ್ಟೇ. ಆಗಲೇ ಎರಡು ಎಸಳು ಕತ್ತರಿಸಿ ಗುರುತು ಮಾಡಬೇಕು. ಮರುದಿನ ಮುಂಜಾನೆ, ಗಂಡಿನ ಸಾಲಿನ ಹೂವಿನಿಂದ ತೆಗೆದ ಹಳದಿ ಪುಡಿಯನ್ನು ಆ ಎಳೆಯ ತುದಿಗೆ ತಾಕಿಸಬೇಕು. ಪುಡಿ ಇಟ್ಟುಕೊಳ್ಳಲು ಬೆರಳಿಗೆ ಒಂದು ಉಂಗುರ, ಉಂಗುರದ ಮೇಲೆ ಕುಂಕುಮದ ಬಟ್ಟಲಿನಂಥ ಸಣ್ಣ ಕುಳಿ. ಗುರುತಿಲ್ಲದ ಹಣ್ಣು ಸಿಕ್ಕರೆ ಅದು ತನ್ನಷ್ಟಕ್ಕೆ ತಾನೇ ಕಟ್ಟಿದ್ದು, ಅದನ್ನು ಬಿಸಾಡಬೇಕು. ಅಂಥವು ಬೀಜದಲ್ಲಿ ಬೆರೆತರೆ ಕಂಪನಿ ಇಡೀ ಮಾಲನ್ನು ವಾಪಸು ಮಾಡುತ್ತದೆ.

ನಾನು ಆರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಹದಿನಾಲ್ಕಕ್ಕೆ ಎತ್ತು ಹೂಡಿದೆ, ಹದಿನೆಂಟಕ್ಕೆ ಬಾವಿಯ ಮೋಟಾರು ಬಿಚ್ಚಿ ಕಟ್ಟುವುದನ್ನು ನೋಡಿಯೇ ಕಲಿತೆ. ನನ್ನ ಕೆಲಸಕ್ಕೆ ಹೆಸರಿಡಲು, ಕುಂದು ಹೇಳಲು ಈ ಊರಲ್ಲಿ ಯಾರಿಗೂ ಅವಕಾಶ ಕೊಟ್ಟಿಲ್ಲ. ಆದರೆ ನೆಟ್‌ನೊಳಗಿನ ಕೆಲಸವನ್ನು ನಾನು ಕೆಲಸವೆಂದು ಎಣಿಸಿರಲಿಲ್ಲ. ಅದು ಹೆಂಗಸರ ಬೆರಳಾಟ. ಮಡಿ ಮಾಡುವುದು, ಕಂಬ ನೆಡುವುದು, ಔಷಧ ಹೊಡೆಯುವುದು ನನ್ನದು. ಹೂವು ನನ್ನ ಹೆಂಡತಿಯದು ಮತ್ತು ಅವಳ ಸಂಗಡ ಬರುವ ಐದಾರು ಹೆಂಗಸರದು.

ಅವಳ ತವರು ಬ್ಯಾಡಗಿಯ ಹತ್ತಿರ. ಚಿಕ್ಕಂದಿನಿಂದ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಬೆಳೆದವಳು. ಅವಳ ಬೆರಳು ಓಡುವುದನ್ನು ನೋಡಿ ಕಂಪನಿಯ ಸಾಹೇಬರು, ಅಂದರೆ ವಾರಕ್ಕೊಮ್ಮೆ ಪ್ಲಾಟು ನೋಡಲು ಮೋಟಾರ್‌ಸೈಕಲ್ ಮೇಲೆ ಬರುವ ಹುಡುಗ, ಮೊದಲ ವರ್ಷವೇ ಬಾಯಿ ತೆರೆದು ನಿಂತಿದ್ದರು. ಎರಡನೆಯ ವರ್ಷಕ್ಕೆ ಸುತ್ತಲಿನ ಊರಿನಿಂದ ಹೆಂಗಸರನ್ನು ಕರೆತಂದು, "ಇವ್ರ ಕೈ ನೋಡ್ಕೋರಿ" ಎಂದು ಅವಳ ಹಿಂದೆ ನಿಲ್ಲಿಸುತ್ತಿದ್ದರು.

ಅವಳ ಗುರುತು ಮಾತ್ರ ಬೇರೆ. ಎಲ್ಲರೂ ಎರಡು ಎಸಳನ್ನು ಒತ್ತಟ್ಟಿಗೆ, ಒಂದರ ಮಗ್ಗುಲಿಗೊಂದರಂತೆ ಕತ್ತರಿಸುತ್ತಿದ್ದರು. ಅವಳು ಒಂದನ್ನು ಕತ್ತರಿಸಿ, ಮಗ್ಗುಲಿನದನ್ನು ಬಿಟ್ಟು, ಅದರಾಚೆಯದನ್ನು ಕತ್ತರಿಸುತ್ತಿದ್ದಳು. ಹಾಗೆ ಮಾಡಲು ಹೂವನ್ನು ಒಂದು ಸಲ ಹೆಚ್ಚಿಗೆ ತಿರುಗಿಸಬೇಕು. ಉಳಿದ ಹೆಂಗಸರು, "ನಮಗ ಆಗೂದಿಲ್ಲವಾ ಆ ನಾಜೂಕು" ಎಂದು ಬಿಟ್ಟಿದ್ದರು. ನಾನಂತೂ ಯಾಕೆಂದು ಕೇಳಿರಲಿಲ್ಲ. ಅವಳ ಒಂದು ಹಟ ಅಂದುಕೊಂಡಿದ್ದೆ.

ಐದನೆಯ ವರ್ಷ ಅವಳ ಎರಡೂ ಕೆನ್ನೆ, ಮೂಗಿನ ಮೇಲಿನಿಂದ ಸೇರಿ, ಕೆಂಪಾದವು. ಟೊಮ್ಯಾಟೊ ಗಿಡದಲ್ಲಿ ಕೆಲಸ ಮಾಡಿದರೆ ಎಲೆಯ ಸೊನೆ ಹತ್ತಿ ಕೈಯೆಲ್ಲ ಕಪ್ಪುಹಸಿರಾಗುತ್ತದೆ, ಕೆಲವರಿಗೆ ತುರಿಸುತ್ತದೆ. ಅದೇ ಕೈಯಿಂದ ಬೆವರು ಒರೆಸಿಕೊಂಡಿದ್ದಾಳೆ ಎಂದು ಎಲ್ಲರೂ ತೀರ್ಮಾನ ಮಾಡಿದೆವು. ನಮ್ಮ ಮಗ್ಗುಲ ಮನೆಯ ಕಾಕು, ಅರವತ್ತು ದಾಟಿದರೂ ನೆಟ್‌ಗೆ ಬರುವ ಗಟ್ಟಿ ಹೆಂಗಸು, ಮಜ್ಜಿಗೆ ಹಚ್ಚಿಸಿದಳು. ಬ್ಯಾಡಗಿಯಿಂದ ಬಂದ ಅತ್ತೆ, "ಸಣ್ಣಾಕಿದ್ದಾಗಿನ ಕಾಯಿ ಘಾಟು, ಈಗ ಹೊರಗ ಬೀಳಾಕತ್ತೈತಿ" ಎಂದು ಕೊಬ್ಬರಿ ಎಣ್ಣೆ ಹಚ್ಚಿದಳು. ರಾಣೆಬೆನ್ನೂರಿನ ಅಂಗಡಿಯಿಂದ ನಾನೊಂದು ಮುಲಾಮು ತಂದೆ. ಒಂದು ವಾರ ಇಳಿದು ಮತ್ತೆ ಬಂತು.

ಬಿಸಿಲಿಗೆ ಹೋದಾಗ ಹೆಚ್ಚಾಗುತ್ತದೆ ಎಂದು ಅವಳೇ ಹೇಳಿದಳು. ಆಗ ನಾನು ಶಾಣ್ಯಾನಂತೆ ಒಂದು ಉಪಾಯ ಮಾಡಿದೆ. "ಹೊರಗಿನ ಕೆಲಸ ಬಿಟ್ಟಬಿಡು. ಗೋವಿನಜೋಳದ ಕಡೆ ಬರಲೇಬ್ಯಾಡ. ದಿನಾ ಪೂರ್ತಿ ನೆಟ್‌ನ್ಯಾಗ ಇರು, ನೆರಳಿನ್ಯಾಗ." ಅವಳು ಹಾಗೇ ಮಾಡಿದಳು.

ಆಮೇಲೆ ಅವಳು ಸಾಲಿನ ನಡುವೆ ಕೂರತೊಡಗಿದಳು. ಅದಕ್ಕೆ ಮುಂಚೆ, ಕೆಲಸ ಮುಗಿಯುವ ತನಕ ಅವಳು ಕೂತದ್ದನ್ನು ನಾನು ನೋಡಿರಲಿಲ್ಲ. ಒಂದು ದಿನ ನೀರು ಬಿಡಲು ಹೋದವನು ಎಲ್ಲರ ಮುಂದೆ, "ಏನು, ಸಾಹುಕಾರ್ರ ಮಗಳು ದಣದಾಳೇನು?" ಅಂದೆ. ಹೆಂಗಸರು ನಕ್ಕರು. ಅವಳು ಗಿಡ ಹಿಡಿದು ಎದ್ದಳು. ಗಿಡ ಹಿಡಿದು ಎದ್ದದ್ದನ್ನು ಕಂಡೂ ನನಗೆ ತಿಳಿಯಲಿಲ್ಲ. ಈ ಒಂದು ಮಾತನ್ನು ವಾಪಸು ತರಲು ಬಂದಿದ್ದರೆ ಎಂದು ಈಗಲೂ ಅನಿಸುತ್ತದೆ.

ಒಂದು ಮುಂಜಾನೆ ಪುಡಿಯ ಉಂಗುರ ಅವಳ ಬೆರಳಿಗೆ ಏರಿತು, ಇಳಿಯಲಿಲ್ಲ. ಗಂಟುಗಳು ಬಾತಿದ್ದವು. ಸಾಬೂನು ಹಚ್ಚಿ ನೋಡಿದೆವು. ಕಡೆಗೆ ನಾನು ವೈರು ಕತ್ತರಿಸುವ ಇಕ್ಕಳದಿಂದ ಉಂಗುರ ಕತ್ತರಿಸಿದೆ. ಪುಡಿ ಅವಳ ಸೀರೆಯ ಮೇಲೆ ಚೆಲ್ಲಿತು. ಅವಳು ಬೆರಳನ್ನು ನೋಡಲಿಲ್ಲ, ಪುಡಿಯನ್ನು ನೋಡಿದಳು. "ಇಷ್ಟರಾಗ ಎರಡ ಸಾಲ ಆಗ್ತಿತ್ತು" ಅಂದಳು.

ಹಾವೇರಿಯ ದೊಡ್ಡ ದವಾಖಾನೆಯಲ್ಲಿ ಎಲ್ಲರೂ ಡಾಕ್ಟರ್ ಬಾಯಿ ಎನ್ನುವ ಒಬ್ಬ ಹೆಣ್ಣು ಡಾಕ್ಟರು ಅವಳ ಮುಖ ನೋಡಿ, ಕೈ ನೋಡಿ, ಬಾಯೊಳಗಿನ ಹುಣ್ಣು ನೋಡಿ, ರಕ್ತದ ಪರೀಕ್ಷೆ ಬರೆದುಕೊಟ್ಟರು. ರಕ್ತದ ಕಾಗದ ಬರಲು ವಾರ ಹಿಡಿಯಿತು. ಲೂಪಸ್ ಎಂದರು. ನಾನು ಎರಡು ಸಲ ಹೇಳಿಸಿಕೊಂಡೆ.

"ಏನ್ರಿ ಮೇಡಂ ಹಂಗಂದ್ರ?"

"ನೀವೇನ ಕೆಲಸ ಮಾಡ್ತೀರಿ?"

"ಹೊಲಾರಿ."

"ಹೊಲದಾಗ ಕಸ ತಗ್ಯಾಕ ಆಳ ಹಚ್ಚತೀರಿ ಹೌದಲ್ರಿ? ಆ ಆಳು ಪೀಕನ್ನ ಕಸ ಅಂತ ತಿಳದು ಕೀಳಾಕ ಹತ್ತಿದ್ರ ಹೆಂಗ? ಹಂಗ ಇದು. ಮೈ ಕಾಯಾಕ ಅಂತ ಇರೂದು ಮೈಯನ್ನ ಕೀಳಾಕತ್ತೈತಿ. ಒಮ್ಮೆ ಚರ್ಮ, ಒಮ್ಮೆ ಗಂಟು. ಮೂತ್ರಪಿಂಡಕ್ಕ ಹೋಗಬಾರದು, ಅದನ್ನ ನೋಡ್ಕೋಬೇಕು."

"ಅಂಥಾ ಆಳನ್ನ ಬಿಡಿಸೇ ಬಿಡ್ತೀನ್ರಿ ನಾ."

"ಇಲ್ಲಿ ಬಿಡಸಾಕ ಬರೂದಿಲ್ಲ" ಎಂದು ಅವರು ನಕ್ಕರು. "ಆ ಆಳು ಇವ್ರ ಮೈಯಾಗ ಇರೂದ. ಗುಳಿಗಿ ಕೊಟ್ಟು ಸುಮ್ಮ ಕುಂದ್ರಸೂಣು. ಆದ್ರ ಬಿಸಲ ಕಂಡ್ರ ಅದು ಎದ್ದ ಕುಂದರತೈತಿ. ಬಿಸಲಿಗೆ ಹೋಗಬಾರದು."

"ಬಿಸಲಿಗೆ ಕಳಸೇ ಇಲ್ರಿ. ಆರ ತಿಂಗಳಾತು ನೆರಳಿನ್ಯಾಗ ಇಟ್ಟೇನಿ" ಎಂದು ನಾನು ಹೆಮ್ಮೆಯಿಂದ ಮೊಬೈಲ್ ತೆಗೆದು ನೆಟ್‌ನ ಫೋಟೋ ತೋರಿಸಿದೆ. ಬಿಳಿ ಬಲೆ, ಒಳಗೆ ಹಾಲು ಚೆಲ್ಲಿದಂಥ ಬೆಳಕು, ನಡುವೆ ಅವಳು.

ಅವರು ಫೋಟೋ ದೊಡ್ಡದು ಮಾಡಿ ನೋಡಿದರು. "ಇದು ನೆರಳಲ್ರಿ. ಇದರಾಗ ಬಿಸಲ ಮ್ಯಾಲಿಂದನೂ ಬರತೈತಿ, ಸುತ್ತಲಿಂದನೂ ಬರತೈತಿ."

ನಾನು ಮೊಬೈಲ್ ಒಳಗಿಟ್ಟೆ. ಅವಳು ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದು ನನ್ನ ಮರ್ಯಾದೆ ಉಳಿಸಲು ಎಂದು ನನಗೆ ಗೊತ್ತು.

ಬಸ್ಸಿನಲ್ಲಿಯೇ ಹುಕುಂ ಮಾಡಿದೆ. "ಇನ್ನ ನೆಟ್‌ನ್ಯಾಗ ಕಾಲಿಡೂದಿಲ್ಲ ನೀ. ನಿನ್ನ ಸಾಲು ನಾ ಮಾಡ್ತೇನಿ."

"ನೀವು?" ಅಂದಳು. ಅಷ್ಟೇ. ಆಮೇಲೆ ಕಿಟಕಿಯ ಪರದೆ ಎಳೆದುಕೊಂಡು ಮೋಟೆಬೆನ್ನೂರು ದಾಟುವ ತನಕ ನಗುತ್ತಿದ್ದಳು. ಆರು ತಿಂಗಳಲ್ಲಿ ಅವಳು ಅಷ್ಟು ನಕ್ಕದ್ದು ಅದೇ ಮೊದಲು.

ಮಳೆಗಾಲದ ನಾಲ್ಕು ತಿಂಗಳು ಅವಳು ಮನೆಯಲ್ಲೇ ಇದ್ದಳು. ಮಳೆಗಾಲ ಕಳೆದು ಹೊಸ ಗಿಡ ಮೊಗ್ಗಿಗೆ ಬಂದಾಗ, ಒಂದು ಕೊಂಬೆ ಮುರಿದು ತಂದು ಪಡಸಾಲೆಯಲ್ಲಿ ಅವಳ ಮುಂದೆ ಕೂತೆ. ನಲವತ್ತೆರಡನೆಯ ವಯಸ್ಸಿನಲ್ಲಿ ಮತ್ತೆ ಶಾಲೆಗೆ ಕೂತಂತಾಯಿತು. ಅವಳು ಮೊಗ್ಗು ತೋರಿಸಿ ಕೇಳಿದಳು, "ಇದು ನಾಳೆ ಅರಳತೈತೋ ನಾಡದೋ?"

ನನಗೆ ಎಲ್ಲವೂ ಒಂದೇ ಕಂಡವು.

"ನೋಡ್ರಿ, ಇದರ ತುದಿ ಇನ್ನ ಹಸರೈತಿ, ಇದು ನಾಡದು. ಇದು ಹಾಲಿನ್ಯಾಗ ಚಿಟಿಕಿ ಅರಿಶಿನ ಕಲಸಿದಂಗ ಆಗೇತಿ, ಇದು ನಾಳಿ. ಇದು ಪೂರ್ತಿ ಹಳದಿ ಆಗೇತಿ, ಇದು ಆಗಲೇ ಒಳಗ ತನ್ನ ಕೆಲಸ ಮುಗಸೇತಿ, ಇದನ್ನ ಕಿತ್ತ ಒಗೀರಿ."

ನಾನು ಇಪ್ಪತ್ತೆಂಟು ವರ್ಷ ಹೊಲ ನೋಡಿದವನು. ಮೋಡ ನೋಡಿ ಮಳೆ ಹೇಳುತ್ತಿದ್ದೆ. ಒಂದೇ ಗೊಂಚಲಿನಲ್ಲಿ ನಾಳೆಯೂ ನಾಡಿದ್ದೂ ನಿನ್ನೆಯೂ ಮಗ್ಗುಲಿಗೆ ಮಗ್ಗುಲು ಕೂತಿರುವುದನ್ನು ಅಂದು ಮೊದಲ ಸಲ ಕಂಡೆ. ಚಿಮಟ ಹಿಡಿದೆ. ಮೊದಲ ಮೊಗ್ಗಿನ ಎಳೆ ಮುರಿಯಿತು. ಎರಡನೆಯದು, ಮೂರನೆಯದು. ಹತ್ತಾದ ಮೇಲೆ ನನ್ನ ಕುತ್ತಿಗೆಯಲ್ಲಿ ಬೆವರು ಇಳಿಯಿತು. ಕ್ವಿಂಟಲ್ ಚೀಲ ಹೊತ್ತಾಗ ಇಳಿಯದ ಬೆವರು. ಕೊಂಬೆ ಬರಿದಾಗುವ ಹೊತ್ತಿಗೆ ಎಳೆ ಮುರಿಯದೆ ಒಂದೇ ಒಂದು ಮೊಗ್ಗು ಉಳಿಯಿತು. ಅವಳು ಅದನ್ನು ಎತ್ತಿ ಬೆಳಕಿಗೆ ಹಿಡಿದು, "ಇದು ಪಾಸ್" ಅಂದಳು.

"ನೀ ದಿನಕ್ಕ ಎಷ್ಟ ಮಾಡ್ತಿದ್ದಿ?"

"ಎಣಸಿದ್ರ ಕೈ ನಿಂದರತಾವ್ರಿ. ಎಣಸತಿದ್ದಿಲ್ಲ."

ಸಾಲಿನ ತುಂಬ ಗಿಡ, ಗಿಡದ ತುಂಬ ಗೊಂಚಲು, ಐದು ವರ್ಷ. ಇದನ್ನು ಬೆರಳಾಟ ಎಂದಿದ್ದೆ.

ಆ ಹಂಗಾಮಿನಲ್ಲಿ ಬೇನೆಯ ನಡತೆಯನ್ನೂ ನಾನು ಕಲಿತೆ. ಅದಕ್ಕೂ ಮೊಗ್ಗಿನಂತೆ ಒಂದೊಂದು ದಿನ ಒಂದೊಂದು ಬಣ್ಣ. ಒಂದು ದಿನ ಕೊಡ ಹೊರುತ್ತಾಳೆ, ಮರುದಿನ ಅದೇ ಕೈಯಲ್ಲಿ ಚಹಾದ ಕಪ್ಪು ನಿಲ್ಲುವುದಿಲ್ಲ. ನೋಡುವವರಿಗೆ ಏನೂ ಕಾಣುವುದಿಲ್ಲ. ಗುಳಿಗೆಗೆ ಮುಖ ದುಂಡಗಾಗಿತ್ತು; ಊರವರು "ಮೈ ತುಂಬಿಕೊಂಡಾಳ, ಆರಾಮ ಆಗ್ಯಾಳ" ಎನ್ನುತ್ತಿದ್ದರು. ನನಗೆ ಮಾತ್ರ ಒಂದು ಅಳತೆ ಸಿಕ್ಕಿತು. ಮುಂಜಾನೆ ಹಿತ್ತಲಲ್ಲಿ ಎಮ್ಮೆಯ ಹಾಲು ಹಿಂಡುತ್ತ ಕೂತರೆ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಒಳ್ಳೆಯ ದಿನ ಅದು ಒಂದೇ ಸಮನೆ ಬೀಳುತ್ತದೆ, ನಡುವೆ ಮರದ ಕೊಣಮಿಗೆಯ ಮೇಲೆ ರೊಟ್ಟಿ ಸುತ್ತುವುದೂ ಕೇಳುತ್ತದೆ. ಕೆಟ್ಟ ದಿನ ನಾಲ್ಕು ಏಟು, ಆಮೇಲೆ ಸುಮ್ಮನೆ, ಮತ್ತೆ ಎರಡು ಏಟು. ತೀರ ಕೆಟ್ಟ ದಿನ ಏನೂ ಕೇಳುವುದಿಲ್ಲ, ಅನ್ನಕ್ಕಿಟ್ಟಿದ್ದಾಳೆಂದು ತಿಳಿದುಕೊಳ್ಳುತ್ತೇನೆ. ಹಾಲು ಹಿಂಡುವುದನ್ನು ನಿಲ್ಲಿಸಿ ಕೇಳಿದ್ದೂ ಇದೆ. ಎಮ್ಮೆ ತಿರುಗಿ ನೋಡುತ್ತಿತ್ತು.

ಮನೆಯೊಳಗಿನ ಕೆಲಸ ಅವಳದೇ ಆಯಿತು. ನಾನು ಗಂಡು ಹೂ ಕಿತ್ತು ತಂದುಕೊಟ್ಟರೆ ಅವಳು ಒಣಗಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಪುಡಿ ಮಾಡಿ, ಸಣ್ಣ ಡಬ್ಬಿ ತುಂಬಿ ಕೊಡುತ್ತಿದ್ದಳು. ಡಬ್ಬಿ ಕೈಗೆ ಕೊಡುವಾಗ ಪ್ರತಿ ಸಲ, "ಮೂಡಣ ಸಾಲು ಹೆಂಗೈತಿ?" ಎಂದು ಕೇಳುತ್ತಿದ್ದಳು. ಮೂಡಣ ಮಗ್ಗುಲಿನ ನಾಲ್ಕು ಸಾಲು ಅವಳವು, ಈಗ ನನ್ನವು.

ನೆಟ್‌ನೊಳಗೆ ನನಗೆ ಮರ್ಯಾದೆ ಇರಲಿಲ್ಲ.

"ತಮ್ಮಾ, ಅದು ಮೊಗ್ಗು, ಕಳ್ಳನ ಕುತಗಿ ಅಲ್ಲ. ಮೆಲ್ಲಕ ಹಿಡಿ" ಎಂದು ಕಾಕು ಹಿಂದಿನ ಸಾಲಿನಿಂದ ಕೂಗುತ್ತಿದ್ದಳು.

"ನೀ ನಿನ್ನ ಸಾಲ ನೋಡ್ಕೋ ಕಾಕು."

"ನೋಡ್ಕೊಂಡೇನಪಾ. ನನ್ನ ಸಾಲಿನ್ಯಾಗ ಹೂವು ಉಳದಾವು. ನಿನ್ನ ಸಾಲಿನ್ಯಾಗ ಬರೇ ಎಲಿ ಅದಾವು."

ಗುರುತನ್ನು ನಾನು ಸಾಹೇಬರು ಕಲಿಸಿದಂತೆಯೇ, ಎರಡು ಎಸಳು ಒತ್ತಟ್ಟಿಗೆ ಕತ್ತರಿಸುತ್ತಿದ್ದೆ. ಹೆಂಡತಿಯದನ್ನು ಅಷ್ಟೂ ಒಪ್ಪಿಕೊಂಡರೆ ನನ್ನದೆಂದು ಏನುಳಿಯಿತು? ಮಧ್ಯಾಹ್ನ ಮೂರಕ್ಕೆ ಕೂತರೆ ಸಂಜೆ ಐದೂವರೆಗೆ ಎದ್ದು ಡೇರಿಗೆ ಹಾಲು ಹಾಕಲು ಹೋಗುತ್ತಿದ್ದೆ. ಅಲ್ಲೇ ಒಂದಿಷ್ಟು ಹೊತ್ತು ಕೂತು, ಚಹಾ ಕುಡಿದು, ದೀಪ ಹಚ್ಚುವ ಹೊತ್ತಿಗೆ ಮನೆಗೆ.

ಮೂರನೆಯ ವಾರಕ್ಕೆ ನನ್ನ ಸಾಲುಗಳು ಕಾಯಿ ಕಟ್ಟತೊಡಗಿದವು. ಎಲ್ಲರ ಸಾಲಿಗಿಂತ ಚೆನ್ನಾಗಿ. ಸಾಹೇಬರು ಬಗ್ಗಿ ಗೊಂಚಲು ಎತ್ತಿ ನೋಡಿದರು. "ಇದು ಯಾರ ಕೈ ಯಜಮಾನ್ರ? ಪ್ಲಾಟಿನ್ಯಾಗ ಇದ ನಂಬರ್ ಒನ್."

"ನಂದ ರಿ ಸಾಹೇಬ್ರ" ಎಂದೆ. "ಮನಸ ಇಟ್ಟ ಮಾಡಿದ್ರ ಏನ ಬರೂದಿಲ್ಲರಿ?"

ಹಿಂದೆ ಕಾಕು ಕೆಮ್ಮಿದಳು. ಉಳಿದವರು ಗಿಡದೊಳಗೆ ಮುಖ ಇಟ್ಟುಕೊಂಡರು. ಹೊಟ್ಟೆಕಿಚ್ಚು ಅಂದುಕೊಂಡೆ. ಸಂಜೆ ಡೇರಿಯಲ್ಲಿ ಹೇಳಿದೆ, ಕಟಿಂಗ್ ಅಂಗಡಿಯಲ್ಲಿ ಹೇಳಿದೆ. ಮನೆಗೆ ಬಂದು ಹೆಂಡತಿಗೂ ಹೇಳಿದೆ.

"ಖರೇನ?" ಅಂದಳು ಅವಳು. "ಛಲೋ ಆತಲ್ರಿ." ಪುಡಿ ಸೋಸುವ ಕೈ ನಿಲ್ಲಲಿಲ್ಲ.

ಕೊಯ್ಲು ಬಂತು. ಹಣ್ಣು ಕಿತ್ತು ಕ್ರೇಟಿಗೆ ಹಾಕುವ ಮುಂಚೆ ತಲೆಯ ಮೇಲಿನ ಎಸಳು ನೋಡಬೇಕು. ಐದೂ ಇದ್ದರೆ ಬಿಸಾಡಬೇಕು. ನನ್ನ ಮೊದಲ ಸಾಲಿನಲ್ಲಿ ನಾಲ್ಕನೆಯದೋ ಐದನೆಯದೋ ಹಣ್ಣು. ಎಸಳು ಮೂರಿದ್ದವು. ಕ್ರೇಟಿಗೆ ಹಾಕಿದೆ, ಮತ್ತೆ ತೆಗೆದೆ. ಒಂದು ಕಡಿದಿದೆ, ಒಂದು ನಿಂತಿದೆ, ಅದರಾಚೆ ಮತ್ತೊಂದು ಕಡಿದಿದೆ.

ಒಂದು ಬಿಟ್ಟು ಒಂದು.

ಮುಂದಿನ ಹಣ್ಣು ನೋಡಿದೆ. ಅದೂ ಹಾಗೇ. ಅದರ ಮುಂದಿನದು ನನ್ನದು, ಒತ್ತಟ್ಟಿಗೆ. ಮತ್ತೆ ಮೂರು ಅವಳವು. ನಾನು ಸಾಲಿನ ಮಣ್ಣಿನಲ್ಲೇ ಕೂತೆ, ಹಿಂದೊಮ್ಮೆ ಅವಳು ಕೂತಿದ್ದಂತೆ. ಕ್ರೇಟನ್ನು ಬುಡಮೇಲು ಮಾಡಿ ಎರಡು ಗುಂಪು ಮಾಡಿದೆ. ನನ್ನ ಗುಂಪು ಮಡಿಲಿಗೆ ಹಿಡಿಸುವಷ್ಟು. ಅವಳದು ಕಾಲ ಮುಂದೆ ರಾಶಿಯಾಗಿ ಉರುಳುತ್ತಿತ್ತು. ನಂಬರ್ ಒನ್ ಸಾಲು.

ಮೊದಲು ಬಂದದ್ದು ಸಿಟ್ಟೋ ನಾಚಿಕೆಯೋ ಹೇಳಲಾರೆ. ಒಂದು ಹಣ್ಣನ್ನು ಕಣ್ಣಿನ ಹತ್ತಿರ ಹಿಡಿದೆ. ರೊಟ್ಟಿಯ ಹಿಟ್ಟು ನಾದಲು ಬಾರದ ಬೆರಳು, ಕಪ್ಪು ಹಿಡಿಯಲು ಬಾರದ ಬೆರಳು ಈ ಎಳೆಯನ್ನು ಮುರಿಯದೆ ಉಳಿಸಿದೆ. ಕಡಿದ ಜಾಗ ನೇರ, ನಯ, ಎಲ್ಲಿಯೂ ಹರಿದಿಲ್ಲ. ನನ್ನ ಗುರುತುಗಳನ್ನು ನೋಡಿದರೆ ಇಲಿ ಕಡಿದಂತಿದ್ದವು.

ಕಾಕು ಬಂದು ನಿಂತಳು.

"ನಿನಗ ಗೊತ್ತಿತ್ತೇನು ಕಾಕು?"

"ಊರಿಗೇ ಗೊತ್ತಿತ್ತು."

"ನನಗ ಯಾಕ ಹೇಳಲಿಲ್ಲ?"

"ನಿನಗ ಹೇಳಿದ್ರ ನೀ ಕುಣೀತಿದ್ದಿ. ನೀ ಹಾಲಿನ ಕ್ಯಾನ ತಗೊಂಡು ಆ ತಿರುವು ದಾಟಿದ್ಯೋ ಇಲ್ಲೋ, ಈ ಕಡಿಂದ ಆಕಿ ಬರ್ತಿದ್ಲು. ಹೊತ್ತು ಬೇವಿನ ಮರದ ಹಿಂದ ಇಳದಿರ್ತಿತ್ತು. ತುಂಬ ತೋಳಿನ ಅಂಗಿ, ಮುಖದ ತುಂಬ ಸೆರಗು. ಒಂದ ಅರ್ಧಾ ತಾಸು. ಬಾಳ ಆದ ದಿನ ಮುಕ್ಕಾಲು. ನೀ ಎಳಿ ಮುರದು ಕೆಡಸಿದ್ದೆಲ್ಲಾ ಕಿತ್ತ ತಗದು, ನೀ ಕಾಣದ ಬಿಟ್ಟಿದ್ದೆಲ್ಲಾ ಮಾಡಿ ಹೋಗ್ತಿದ್ಲು. ಮುಂಜಾನಿ ಪುಡಿ ತಾಕಸೂ ಮುಂದ ನೀ ಎಳಿ ತುದಿ ಅಷ್ಟ ನೋಡ್ತಿದ್ದಿ, ಎಸಳ ನೋಡ್ತಿದ್ದಿಲ್ಲ. ಬರಾಕ ಆಗದ ದಿನ ಬರ್ತಿದ್ದಿಲ್ಲ. ಒಂದಿನ ಬಂದು, ಚಿಮಟ ಹಿಡದು, ಅದು ಮೂರ ಸಲ ಬಿತ್ತು. ಎತ್ತಿ ನನ್ನ ಕೈಯಾಗ ಕೊಟ್ಟು ಹೊಳ್ಳಿ ಹೋದ್ಲು. ಅತ್ತಿಲ್ಲ ಏನಿಲ್ಲ." ಕಾಕು ಒಂದು ಹಣ್ಣು ಎತ್ತಿ ಸೆರಗಿನಿಂದ ಒರೆಸಿದಳು. "ತಮ್ಮಾ, ನೀ ಬೈಬ್ಯಾಡ ಆಕಿಗೆ. ಬೈದ್ರ ನಾಳಿ ನಾವು ಯಾರೂ ಬರೂದಿಲ್ಲ ನೋಡು."

ಬೈಯಬೇಕೆಂದೇ ಮನೆಗೆ ಹೋದೆ. ಅವಳು ಪಡಸಾಲೆಯಲ್ಲಿ ಹಣ್ಣು ಹಿಂಡಿ ಬೀಜ ತೆಗೆಯುವ ಬುಟ್ಟಿ ತೊಳೆದಿಡುತ್ತಿದ್ದಳು. ಎರಡು ಹಣ್ಣು ಅವಳ ಮುಂದೆ ಇಟ್ಟೆ, ಒಂದು ಅವಳದು, ಒಂದು ನನ್ನದು. ಅವಳು ನೋಡಿದಳು.

"ಕೊಯ್ಲಿನ್ಯಾಗ ಗೊತ್ತ ಆಗತೈತಿ ಅಂತ ಗೊತ್ತಿತ್ತು" ಎಂದಳು.

"ಗೊತ್ತಿದ್ದೂ ಇದ ಗುರ್ತ ಮಾಡಿದಿ? ಎಲ್ಲಾರಂಗ ಮಾಡಿದ್ರ ನನಗ ಜನ್ಮಕ್ಕೂ ತಿಳೀತಿದ್ದಿಲ್ಲ."

"ಹುಳ ಬಿದ್ರ ಎಸಳ ತಿಂತೈತ್ರಿ. ತಿಂದ್ರ ಒಂದ ಕಡೆ ತಿಂತೈತಿ, ಒತ್ತಟ್ಟಿಗೆ. ಅಂಥಾ ಹಣ್ಣ ನೋಡಿ ನಾವು ಮಾಡಿದ ಗುರ್ತ ಅಂತ ಕ್ರೇಟಿಗೆ ಹಾಕಿಬಿಡ್ತೇವಿ. ಒಂದ ಬಿಟ್ಟು ಒಂದ ತಿನ್ನೂವಷ್ಟು ಹುಳಕ್ಕ ಲೆಕ್ಕ ಬರೂದಿಲ್ಲ." ಬುಟ್ಟಿ ಮಗುಚಿ ನೀರು ಬಸಿದಳು. "ನಿಮ್ಮಿಂದ ಮುಚ್ಚಿಡಾಕ ಅಂತ ಕೆಲಸ ಕೆಡಸಾಕ ಬರತೈತೇನು?"

ಐದು ವರ್ಷ ಹಟ ಎಂದುಕೊಂಡದ್ದು ಇದು. ಸಾಹೇಬರಿಗೆ ಹೊಳೆದಿರಲಿಲ್ಲ, ಕಂಪನಿಗೆ ಹೊಳೆದಿರಲಿಲ್ಲ.

"ಜೀವಕ್ಕ ಏನರ ಆಗಿದ್ರ?" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು.

"ಆಗ್ತಿತ್ತೋ ಏನೋ. ಮನ್ಯಾಗ ಕುಂತ್ರ ಏನೂ ಆಗ್ತಿದ್ದಿಲ್ಲ ಅಂತೀರೇನು?" ಬುಟ್ಟಿಯನ್ನು ಗೋಡೆಗೆ ಒರಗಿಸಿ ಹೇಳಿದಳು, "ನನ್ನ ಸಾಲು ನಿಮ್ಮ ಕೈಯಾಗ ಹಾಳಾಗೂದು ನೋಡಾಕ ಆಗಲಿಲ್ಲರಿ."

ಆ ತಿಂಗಳು ಹಾವೇರಿಗೆ ಹೋದಾಗ, ಶಾಲೆಯಲ್ಲಿ ಮಗ್ಗುಲಿನವನ ಮೇಲೆ ಚಾಡಿ ಹೇಳುವ ಹುಡುಗನಂತೆ ಡಾಕ್ಟರ್ ಬಾಯಿಯ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಮೂತ್ರದ ರಿಪೋರ್ಟು ನೋಡುತ್ತಿದ್ದರು. ಆ ಕಾಗದ ಓದಿ ಮುಗಿಸುವ ತನಕ ಅವರ ಮುಖವನ್ನೇ ನೋಡುತ್ತಿದ್ದೆ.

"ಹೊತ್ತ ಇಳದ ಮ್ಯಾಲ ಹೋಗ್ತಿದ್ರೇನ್ರಿ?" ಎಂದು ಅವಳನ್ನು ಕೇಳಿದರು.

"ಹೂಂ ರಿ. ನೆಳ್ಳು ಗಿಡ ದಾಟಿ ಬದುವಿಗೆ ಮುಟ್ಟಿದ ಮ್ಯಾಲ."

"ದಣಿಯೂದಕಿಂತ ಮೊದಲ ಏಳತಿದ್ರೋ, ದಣದ ಮ್ಯಾಲೋ?"

"ಒಮ್ಮೊಮ್ಮೆ ಮೊದಲ ರಿ" ಎಂದಳು ಅವಳು. ಸುಳ್ಳು ಹೇಳಲಿಲ್ಲ.

ಡಾಕ್ಟರ್ ಬಾಯಿ ನನ್ನ ಕಡೆ ತಿರುಗಿದರು. "ರಿಪೋರ್ಟ್ ಸದ್ಯ ಛಲೋ ಐತಿ. ನಾ ಬಿಡಸ್ರಿ ಅಂದಿದ್ದು ಬಿಸಲನ್ನ. ನೀವು ಕೆಲಸ ಬಿಡಿಸಿದ್ರಿ. ಆಗೂವಷ್ಟು ಮಾಡ್ಲಿ. ಎಷ್ಟ ಆಗತೈತಿ ಅನ್ನೂದನ್ನ ಅವರ ಹೇಳಲಿ, ನೀವಲ್ಲ." ಮತ್ತೆ ಅವಳಿಗೆ, "ನೀವೂ ಕದ್ದ ಹೋಗಬ್ಯಾಡ್ರಿ. ಕದ್ದ ಮಾಡೂ ಕೆಲಸದಾಗ ದಣದ್ರೂ ಏಳಾಕ ಮನಸ ಬರೂದಿಲ್ಲ." ಬೇನೆ ಹೋಗುವುದಿಲ್ಲ, ಏರುತ್ತದೆ, ಇಳಿಯುತ್ತದೆ ಎಂಬುದನ್ನೂ ಹೇಳಿದರು.

ಅದು ನಿಜವೇ ಆಯಿತು. ಬೇಸಿಗೆಯಲ್ಲಿ ಏರಿತು. ಎರಡು ತಿಂಗಳು ರೊಟ್ಟಿಯ ಸಪ್ಪಳ ಕೇಳಲಿಲ್ಲ. ನಾನೇ ಬಡಿಯಲು ಕಲಿತೆ. ನನ್ನ ರೊಟ್ಟಿ ನೋಡಿ ಕಾಕು, "ಯಾವ ದೇಶದ ನಕಾಶಿನೋ ಇದು" ಎಂದಳು. ಮಳೆ ಬಿದ್ದ ಮೇಲೆ ನಿಧಾನಕ್ಕೆ ಇಳಿಯಿತು. ಪೂರ್ತಿ ಇಳಿದಿಲ್ಲ. ಹೋದ ವರ್ಷ ಅವಳಿಂದ ಆದಷ್ಟು ಈ ವರ್ಷ ಆಗುವುದಿಲ್ಲ ಎಂಬುದು ನನಗಿಂತ ಮೊದಲು ಅವಳಿಗೆ ಗೊತ್ತಿತ್ತು.

ಈ ಹಂಗಾಮಿನ ಮೊದಲ ಮೊಗ್ಗು ಬಂದ ದಿನ ಡೇರಿಗೆ ಹೋಗುವ ಹೊತ್ತನ್ನು ನಾನು ಮುಂಚಿತ ಮಾಡಿಕೊಂಡೆ. ಹೊತ್ತು ಬೇವಿನ ಮರದ ಹಿಂದಿಳಿದಾಗ ಇಬ್ಬರೂ ನೆಟ್‌ನ ಬಾಗಿಲಲ್ಲಿ ಇದ್ದೆವು. ಅವಳು ಮರದ ನೆರಳು ಬದುವಿಗೆ ಮುಟ್ಟುವ ತನಕ ಹೊರಗೇ ನಿಂತಳು, ಆಮೇಲೆ ಒಳಗೆ ಕಾಲಿಟ್ಟಳು. ಮೂಡಣ ಸಾಲಿನ ಈ ಮಗ್ಗುಲಿಗೆ ಅವಳು, ಆ ಮಗ್ಗುಲಿಗೆ ನಾನು. ಚಿಮಟದ ತುದಿ ಎಲ್ಲಿ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ನೋಡಲು ನನ್ನ ಕಣ್ಣಿಗೆ ಸಾಧ್ಯವಾಗಲಿಲ್ಲ. ಮೊಗ್ಗು ತಾನಾಗಿ ಬಿಚ್ಚಿಕೊಟ್ಟಂತೆ ಕಂಡಿತು. ಆದರೆ ಹತ್ತಕ್ಕೊಮ್ಮೆ ಕೈ ಕೆಳಗಿಟ್ಟು ಬೆರಳು ಬಿಡಿಸಿ ಮಡಚಿ ಮಾಡುತ್ತಿದ್ದ ಆ ಹೊತ್ತು ಮಾತ್ರ ಕಾಣುತ್ತಿತ್ತು.

"ಈ ವರ್ಷ ನೀವೂ ಒಂದ ಬಿಟ್ಟು ಒಂದ ಕತ್ತರಸ್ರಿ" ಎಂದಳು.

"ಹುಳಕ್ಕಾ?"

"ಹುಳಕ್ಕೂ ಆತು." ಗಿಡದ ಆಚೆಯಿಂದ ಅವಳ ಮುಖ ಕಾಣುತ್ತಿರಲಿಲ್ಲ. "ಕೊಯ್ಲಿನ್ಯಾಗ ಎರಡ ಗುಂಪ ಮಾಡ್ಕೊಂಡು ಕುಂದ್ರಬ್ಯಾಡ್ರಿ ನೀವು. ನಾ ಎಷ್ಟ ಮಾಡಿದೆ, ಈ ವರ್ಷ ಎಷ್ಟ ಕಡಿಮಿ ಆತು, ಅದನ್ನ ಹಣ್ಣ ನೋಡಿ ನೀವು ಎಣಸೂದು ನನಗ ಬ್ಯಾಡ."

ಕೈಯಲ್ಲಿದ್ದ ಮೊಗ್ಗಿನ ಒಂದು ಎಸಳು ಕತ್ತರಿಸಿದೆ, ತಿರುಗಿಸಿದೆ, ಒಂದನ್ನು ಬಿಟ್ಟೆ, ಮುಂದಿನದನ್ನು ಕತ್ತರಿಸಿದೆ. ಒಂದು ಸಲ ಹೆಚ್ಚಿಗೆ ತಿರುಗಿಸುವುದರಲ್ಲಿ ಎಷ್ಟು ಹೊತ್ತು ಹೋಗುತ್ತದೆಂದು ಕೈಗೆ ತಿಳಿಯಿತು. ಅಷ್ಟು ಹೊತ್ತನ್ನು ಅವಳು ಐದು ವರ್ಷ ಪ್ರತಿ ಮೊಗ್ಗಿಗೂ ಕೊಟ್ಟಿದ್ದಳು.

ಈಗ ಕೊಯ್ಲು ನಡೆದಿದೆ. ಕ್ರೇಟುಗಳು ಪಡಸಾಲೆಯ ತುಂಬ ಇವೆ. ಮೂಡಣ ಸಾಲಿನ ಕ್ರೇಟುಗಳಲ್ಲಿ ಎಲ್ಲ ಹಣ್ಣಿನ ತಲೆಯ ಮೇಲೂ ಒಂದೇ ಗುರುತು. ಹುಳ ತಿಂದವು ಬೇರೆಯಾಗಿ ಎದ್ದು ಕಾಣುತ್ತವೆ, ಅವನ್ನು ಆರಿಸಿ ಒಗೆಯುತ್ತೇನೆ. ಉಳಿದವುಗಳಲ್ಲಿ ನನ್ನದು ಯಾವುದು, ಅವಳದು ಯಾವುದು, ಎಷ್ಟು ತಿರುಗಿಸಿ ನೋಡಿದರೂ ನನಗೆ ತಿಳಿಯುವುದಿಲ್ಲ. ಅವಳಿಗೆ ತಿಳಿಯುತ್ತದೆ. ಒಂದೊಂದು ಹಣ್ಣನ್ನು ಎತ್ತಿ, ಕಡಿದ ಜಾಗದ ಮೇಲೆ ಹೆಬ್ಬೆರಳು ಆಡಿಸಿ, ಯಾರದೆಂದು ಹೇಳದೆ ಬುಟ್ಟಿಗೆ ಹಾಕುತ್ತಾಳೆ.